ರೊಟ್ಟಿ ಬಡಿದ ಕೈ, ಕಾಸದ ಕಾಲು

ಮೊನ್ನೆ ದೀಪಾವಳಿಗೆಂದು ಕಪಾಟು ತೆರೆದು ಕೂತಿದ್ದೆ. ಹಳೆಯ ಜಂಪರುಗಳು, ಮಗನ ಒಂದನೇ ತರಗತಿಯ ಟೈ, ಯಾವ ಬೀಗಕ್ಕೂ ಸೇರದ ಐದಾರು ಕೀಲಿಕೈ, ಇವೆಲ್ಲದರ ತಳದಲ್ಲಿ ಒಂದು ಕ್ರೇಪ್ ಬ್ಯಾಂಡೇಜಿನ ಸುರುಳಿ ಸಿಕ್ಕಿತು. ಎಳೆದರೆ ಹಿಗ್ಗುವ ಗುಣವನ್ನು ಅದು ಯಾವತ್ತೋ ಬಿಟ್ಟಿದೆ. ಒಂದು ತುದಿಗೆ ಅಂಗೈ ಅಗಲದ ಹಳದಿ ಕಲೆ. ಮೂರು ಸಲ ಸೋಪು ಹಚ್ಚಿ ತಿಕ್ಕಿದರೂ ಹೋಗದ ಕಲೆ ಅದು, ಭಂಡಾರದ್ದು. ಬೀರಪ್ಪನ ಒಕ್ಕಲಾದ ನಮ್ಮ ಮನೆಗಳಲ್ಲಿ ಅರಿಷಿಣಪುಡಿಗೆ ಭಂಡಾರ ಅನ್ನುತ್ತೇವೆ. ಹಣೆಗೆ, ಡೊಳ್ಳಿಗೆ, ಈದ ಎಮ್ಮೆಗೆ, ಹೊಸ ಮೋಟರ್ ಸೈಕಲ್ಲಿಗೆ ಎಲ್ಲಕ್ಕೂ ಅದೇ. ನಮ್ಮ ಮನೆಯವರು ಸುರುಳಿ ನೋಡಿ, "ಇದನ್ನ್ಯಾಕ ಇಟ್ಟಿ? ಒಗಿ ಅತ್ತಾಗ" ಅಂದರು. ನಾನು ಬಿಸಾಡಲಿಲ್ಲ, ಸುತ್ತಿ ಮತ್ತೆ ಒಳಗೇ ಇಟ್ಟೆ. ಯಾಕೆ ಅಂತ ಅವರು ಕೇಳಲಿಲ್ಲ. ನೀವು ಕೇಳದೆ ಬಿಡುವವರಲ್ಲ ಅಂತ ಹೇಳುತ್ತಿದ್ದೇನೆ. ಆದರೆ ನನಗೆ ಯಾವುದನ್ನೂ ನೆಟ್ಟಗೆ ಹೇಳಿ ರೂಢಿಯಿಲ್ಲ, ಸ್ವಲ್ಪ ಸುತ್ತುಬಳಸು ಆಗುತ್ತದೆ.

ಐದಾರು ವರ್ಷದ ಹಿಂದಿನ ಮಾತು. ನಾನು ಚಿಮ್ಮಡದ ಪ್ರಾಥಮಿಕ ಶಾಲೆಯಲ್ಲಿ ಟೀಚರು, ಮನೆ ಬನಹಟ್ಟಿಯಲ್ಲಿ. ಆಗ ನನ್ನ ತೂಕ ಎಷ್ಟಿತ್ತು ಅನ್ನುವುದು ನನಗೂ ಶಾಲೆಯ ತೂಕದ ಯಂತ್ರಕ್ಕೂ ಮಾತ್ರ ಗೊತ್ತಿದ್ದ ಗುಟ್ಟು. ಮಕ್ಕಳನ್ನು ತೂಗಿ, ಅವರನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ ನಾನು ಅದರ ಮೇಲೆ ಹತ್ತುತ್ತಿದ್ದೆ. ಮುಳ್ಳು ಓಡುವುದನ್ನು ನೋಡಿ ಅರ್ಧಕ್ಕೇ ಇಳಿಯುತ್ತಿದ್ದೆ. ಶನಿವಾರ ಮುಂಜಾನೆ ಶಾಲೆಯಲ್ಲಿ ಸಾಮೂಹಿಕ ಕವಾಯತು ಇರುತ್ತದೆ. ಮಕ್ಕಳು ಕೈ ಎತ್ತಿ ಇಳಿಸಿ ಬಾಗಿ ಏಳುವಾಗ ನಾನು ಕಟ್ಟೆಯ ಮೇಲೆ ನಿಂತು ಸೀಟಿ ಊದುತ್ತಿದ್ದೆ. ಹತ್ತು ವರ್ಷದ ಕವಾಯತಿನಲ್ಲಿ ನನ್ನ ಗಲ್ಲಕ್ಕೆ ಮಾತ್ರ ವ್ಯಾಯಾಮವಾಗಿತ್ತು.

ನಮ್ಮ ಓಣಿಯ ತುದಿಯಲ್ಲಿ ಒಂದು ಪವರ್‌ಲೂಮ್ ಶೆಡ್ಡು ಖಾಲಿ ಬಿದ್ದಿತ್ತು. ಮಗ್ಗ ಮಾರಿ ಯಜಮಾನರು ಕೈ ತೊಳೆದುಕೊಂಡಿದ್ದರು. ಆ ಮನೆಗೆ ಹುಬ್ಬಳ್ಳಿಯಿಂದ ಸೊಸೆಯಾಗಿ ಬಂದವಳು ಶ್ವೇತಾ. ವ್ಯಾಯಾಮ ಶಿಕ್ಷಣ ಓದಿದ ಹುಡುಗಿ, ಗೋಧಿಬಣ್ಣ, ಎರಡು ಮೆಟ್ಟಿಲನ್ನು ಒಂದೇ ಹೆಜ್ಜೆಗೆ ಹತ್ತುವ ಕಾಲು. ಮಾವನನ್ನು ಅದು ಹೇಗೆ ಒಪ್ಪಿಸಿದಳೋ, ಶೆಡ್ಡಿಗೆ ಸುಣ್ಣ ಬಳಿಸಿ, ಒಂದು ದೊಡ್ಡ ಸ್ಪೀಕರ್ ತಂದಿಟ್ಟು, ದಿನಾ ಮುಂಜಾನೆ ಆರಕ್ಕೆ ಹೆಣ್ಣುಮಕ್ಕಳ ಏರೋಬಿಕ್ಸ್ ಕ್ಲಾಸು ತೆಗೆದಳು. ನೆಲದಲ್ಲಿ ಮಗ್ಗದ ಕಾಲು ಊರಿದ ಕುಳಿಗಳು ಹಾಗೇ ಇದ್ದವು. ಒಂದೊಂದು ಮಗ್ಗದ ಜಾಗಕ್ಕೆ ಒಬ್ಬೊಬ್ಬಳು. ನಾಲ್ಕನೆಯ ಮಗ್ಗ ನನ್ನದು. ಮೂರನೆಯದು ಗಂಗಕ್ಕನದು. ಗಂಗಕ್ಕ ಅಂದರೆ ಬಜಾರದಲ್ಲಿ ಸೀರೆ ಅಂಗಡಿ ಇಟ್ಟವಳು, ಮಾತಿನಲ್ಲಿಯೂ ಮೈಯಲ್ಲಿಯೂ ನನ್ನ ಎರಡರಷ್ಟು. ನಾವು ಇಪ್ಪತ್ತು ಮಂದಿ ಒಮ್ಮೆಲೇ ಜಿಗಿದರೆ ತಗಡಿನ ಸಂದಿಯಲ್ಲಿ ವರ್ಷಗಟ್ಟಲೆ ಕೂತಿದ್ದ ಹತ್ತಿಯ ಧೂಳು ನಮ್ಮ ತಲೆಯ ಮೇಲೆ ಉದುರುತ್ತಿತ್ತು. ಮನೆಗೆ ಬಂದಾಗ ಎಲ್ಲರಿಗೂ ವಯಸ್ಸಾದಂತೆ ಕಾಣುತ್ತಿತ್ತು.

ಕ್ಲಾಸು ಅಂದರೆ ಹುಡುಗಾಟವಲ್ಲ. ಶ್ವೇತಾ ಜಿಗಿಸುತ್ತಿದ್ದಳು, ಓಡಿಸುತ್ತಿದ್ದಳು, ಕೂರಿಸಿ ಏಳಿಸುತ್ತಿದ್ದಳು, ಉಸಿರು ತೆಗೆದುಕೊಳ್ಳಲು ಅರ್ಧ ನಿಮಿಷ ಕೊಟ್ಟು ಮತ್ತೆ ಜಿಗಿಸುತ್ತಿದ್ದಳು. ಆದರೆ ಅದಕ್ಕಿಂತ ಮೊದಲು ಹನ್ನೆರಡು ನಿಮಿಷ ವಾರ್ಮಪ್. ನಿಂತಲ್ಲೇ ನಡೆಯುವುದು, ಹೆಗಲು ತಿರುಗಿಸುವುದು, ಸೊಂಟ ತಿರುಗಿಸುವುದು, ಹಿಮ್ಮಡಿ ಎತ್ತಿ ಇಳಿಸುವುದು. ಈ ಹನ್ನೆರಡು ನಿಮಿಷಕ್ಕೆ ನಮ್ಮಲ್ಲಿ ಯಾರೂ ಬರುತ್ತಿರಲಿಲ್ಲ. ತಪ್ಪು ನಮ್ಮದಲ್ಲ, ಸೀಮೆಯದು. ನಮ್ಮ ಕಡೆ ಹತ್ತಕ್ಕೆ ಕಾರ್ಯಕ್ರಮ ಅಂತ ಅಚ್ಚಾದರೆ ಹನ್ನೊಂದಕ್ಕೆ ಶಾಮಿಯಾನ ಕಟ್ಟುವವರು ಬರುತ್ತಾರೆ. ಊಟದ ಹೊತ್ತಿಗೆ ಸರಿಯಾಗಿ ಹೋಗುವವನೇ ಜಾಣ.

"ಅದು ಸ್ವಾಗತ ಭಾಷಣಾ ಇದ್ದಾಂಗ ಟೀಚರ್," ಅನ್ನುತ್ತಿದ್ದಳು ಗಂಗಕ್ಕ. "ಅದನ್ನ ಕೇಳಾಕ ಯಾರ ಹೊಕ್ಕಾರ? ಖರೆ ಕಾರ್ಯಕ್ರಮ ಸುರು ಆಗೂದು ಆರೂ ಕಾಲಕ್ಕ."

ನನ್ನ ವಾದ ಅವಳದಕ್ಕಿಂತ ಗಟ್ಟಿಯಾಗಿತ್ತು. ನಾನು ನಾಲ್ಕೂವರೆಗೆ ಏಳುತ್ತಿದ್ದೆ. ಅಂಗಳ ಗುಡಿಸಿ, ನೀರಿನ ಥಳಿ ಹೊಡೆದು, ನಳ ಬಂದ ದಿನ ಹತ್ತು ಕೊಡ ನೀರು ತುಂಬಿ, ಮೂರು ಡಬ್ಬಿಗೆ ಆಗುವಷ್ಟು ಅಂದರೆ ಹದಿನೈದು ಇಪ್ಪತ್ತು ಜೋಳದ ರೊಟ್ಟಿ ಬಡಿದು, ಒಲೆಯ ಮುಂದೆ ಬೆವತು ಬರುವವಳು. ಒಂದು ದಿನ ಶ್ವೇತಾ ಕೇಳಿಯೇಬಿಟ್ಟಳು.

"ಟೀಚರ್, ಶಾಲಿಯೊಳಗ ಹುಡುಗರು ಪ್ರಾರ್ಥನಾ ತಪ್ಪಿಸಿ ಬಂದ್ರ ನೀವು ಏನ ಮಾಡ್ತೀರಿ?"

"ಹೊರಗ ನಿಲ್ಲಸ್ತೇನಿ."

ಅವಳು ನಕ್ಕಳು. ನಾನು ಸೋಲುವವಳೇ? "ಇಪ್ಪತ್ತ ರೊಟ್ಟಿ ಬಡದು ಬಂದೇನವಾ. ಮೈ ಕಾದು ಕೆಂಡ ಆಗೇತಿ. ಮತ್ತ್ಯಾಕ ನಿನ್ನ ವಾರ್ಮಪ್ಪು?" ಅಂದೆ. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ಹೊಡೆದರು.

ಚಪ್ಪಾಳೆ ಬಿದ್ದದ್ದು ಸೋಮವಾರ. ನನ್ನ ಕಾಲು ಹೋದದ್ದು ಗುರುವಾರ. ಆರೂ ಕಾಲಕ್ಕೆ ಹೋಗಿ, ಚಪ್ಪಲಿ ಬಿಟ್ಟು ಬೂಟು ಹಾಕಿ, ನಾಲ್ಕನೆಯ ಮಗ್ಗದಲ್ಲಿ ನಿಂತು, ಎರಡು ಕೈ ಮೇಲಕ್ಕೆತ್ತಿ ಜಿಗಿದೆ. ಒಂದು, ಎರಡು, ಮೂರು. ನಾಲ್ಕನೆಯ ಜಿಗಿತಕ್ಕೆ ಎಡಗಾಲಿನ ಮೀನಖಂಡದಲ್ಲಿ ಯಾರೋ ಹಿಂದಿನಿಂದ ಕಲ್ಲು ಬೀಸಿ ಒಗೆದಂತಾಯಿತು. ತಿರುಗಿ ನೋಡಿದೆ, ಹಿಂದೆ ಯಾರೂ ಇರಲಿಲ್ಲ. "ಯವ್ವಾ" ಅಂತ ಕೂತುಬಿಟ್ಟೆ. ಗಂಗಕ್ಕ ತನ್ನ ಚೂಡಿದಾರವನ್ನು ಗಾಬರಿಯಿಂದ ತಡವಿಕೊಂಡು, "ಹರದದ್ದು ನಂದೋ ನಿಂದೋ?" ಅಂದಳು. ಆ ನೋವಿನಲ್ಲಿಯೂ ನಗು ಬಂತು. ನಕ್ಕರೆ ಕಾಲು ಇನ್ನಷ್ಟು ನೋಯುತ್ತಿತ್ತು.

ಡಾಕ್ಟರು ನೋಡಿದರು. ಸ್ನಾಯು ಸ್ವಲ್ಪ ಹರಿದಿದೆ, ಮೂರು ನಾಲ್ಕು ವಾರ ಜಿಗಿಯಬೇಡಿ, ಬಿಗಿಯಾಗಿ ಬ್ಯಾಂಡೇಜು ಸುತ್ತಿರಿ ಅಂದರು. ಸುರುಳಿ ತೆಗೆದುಕೊಂಡು ಕುಂಟುತ್ತ ಮನೆಗೆ ಬಂದರೆ ಪಡಸಾಲೆಯಲ್ಲಿ ಅಪ್ಪ ಕೂತಿದ್ದ. ಅಪ್ಪ ನಮ್ಮ ಮನೆಗೆ ಯಾಕೆ ಬಂದಿದ್ದ ಅನ್ನುವುದನ್ನು ಹೇಳದಿದ್ದರೆ ಈ ಬ್ಯಾಂಡೇಜಿನ ಕತೆ ಮುಂದಕ್ಕೆ ಹೋಗುವುದಿಲ್ಲ.

ಅಪ್ಪ ಸಾವಳಗಿಯಲ್ಲಿ ನನ್ನ ಅಣ್ಣನ ಜೊತೆ ಇರುತ್ತಾನೆ. ಕುರಿ, ಹೊಲ, ಡೊಳ್ಳು, ಅವನ ಆಯುಷ್ಯದಲ್ಲಿ ಇರುವುದು ಇಷ್ಟೇ. ಅವರ ಡೊಳ್ಳಿನ ಮೇಳಕ್ಕೆ ಹೆಚ್ಚುಕಡಿಮೆ ನಲವತ್ತು ವರ್ಷ ಅವನೇ ಮುಂದಾಳು. ಆ ವರ್ಷ ಅವನ ಬಲ ಹೆಗಲು ಹಿಡಿಯಿತು. ಕೈ ಎದೆಮಟ್ಟಕ್ಕಿಂತ ಮೇಲೆ ಏರಲೊಲ್ಲದು. ಹೆಗಲಿನ ವ್ಯಾಯಾಮ ಮಾಡಿಸುವ ಡಾಕ್ಟರು ನಮ್ಮ ಮನೆಯಿಂದ ಹತ್ತು ಹೆಜ್ಜೆಯಲ್ಲಿದ್ದರು. ದಿನಾ ಸಾವಳಗಿಯಿಂದ ಓಡಾಡುವುದು ಆಗದ ಮಾತು ಅಂತ ಅಣ್ಣ ಅವನನ್ನು ನಮ್ಮಲ್ಲಿಗೆ ತಂದು ಬಿಟ್ಟ. ನೋಡಿ, ನನ್ನ ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅಪ್ಪ ನಮ್ಮ ಮನೆಯಲ್ಲಿ ಒಂದು ರಾತ್ರಿ ಮಲಗಿದವನಲ್ಲ. ಮಗಳ ಮನೆಯಲ್ಲಿ ಉಂಡು ಕೂತ ತಂದೆ ಅನ್ನಿಸಿಕೊಳ್ಳಬಾರದು ಅಂತ ಹಳೆಯ ಮಂದಿಯ ಹಟ. ಬರುತ್ತಿದ್ದ, ಮೊಮ್ಮಗನ ಕೈಗೆ ಬಿಸ್ಕೀಟು ಕೊಡುತ್ತಿದ್ದ, ಅರ್ಧ ಕಪ್ಪು ಚಹಾ ಕುಡಿಯುತ್ತಿದ್ದ, ಸಂಜೆಯ ಬಸ್ಸಿಗೆ ಹೊರಡುತ್ತಿದ್ದ. ನಾನು ಪ್ರತಿ ಸಲ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅಳು ನುಂಗುತ್ತಿದ್ದೆ.

ಈ ಸಲವೂ ಬರುವಾಗಲೇ ಕರಾರು ಮಾಡಿಕೊಂಡೇ ಬಂದ. ಪಡಸಾಲೆಯ ಮೊಳೆಗೆ ಕೈಚೀಲ ತೂಗುಹಾಕುತ್ತ, "ನೋಡವಾ, ನನ್ನ ಪಟಗಾ ನಾನ ಸುತ್ತಿಕೊಂಡ ದಿವಸ ಸಾವಳಗಿ ಬಸ್ಸ ಹತ್ತಾಂವ. ಆಮ್ಯಾಲ ಒಂದ ದಿನಾನೂ ನಿಂದರಾಂವಲ್ಲ" ಅಂದ.

ಪಟಗಾದ್ದೇ ಅವನಿಗೆ ದೊಡ್ಡ ದುಃಖ. ಡೊಳ್ಳು ಬಾರಿಸದಿದ್ದರೆ ಮೇಳದಲ್ಲಿ ಬೇರೆ ಯಾರಾದರೂ ಬಾರಿಸುತ್ತಾರೆ. ಆದರೆ ಬರಿದಲೆಯಲ್ಲಿ ಅಪ್ಪನನ್ನು ಹೊರಗಿನವರು ಯಾರೂ ನೋಡಿದ್ದಿಲ್ಲ. ಏಳು ಮೊಳದ ಬಿಳಿ ಅರಿವೆಯನ್ನು ಎರಡು ಕೈಯಿಂದ ತಲೆಯ ಮೇಲೆ ಸುತ್ತಬೇಕು. ಒಂದು ಕೈ ಮೇಲೆ ಏರದಿದ್ದರೆ ಆಗದು. ಊರಲ್ಲಿ ಅಣ್ಣ ಸುತ್ತುತ್ತಿದ್ದ, ಇಲ್ಲಿ ಆ ಕೆಲಸ ನನಗೆ ಬಂತು. ಮೊದಲ ದಿನ ಸ್ಟೂಲಿನ ಮೇಲೆ ಕೂರಿಸಿ, ನಾಲಿಗೆ ಕಚ್ಚಿಕೊಂಡು ಸುತ್ತಿದೆ. ನೀರಿನ ಕೊಡದ ಕೆಳಗೆ ಇಡುತ್ತಾರಲ್ಲ, ಆ ಸಿಂಬೆಯ ಹಾಗಾಯಿತು. ಅಪ್ಪ ಕನ್ನಡಿಯಲ್ಲಿ ನೋಡಿದ. "ಛಲೋ ಆತಬಿಡು" ಅಂದ. ಆದರೆ ಸಂಜೆಯತನಕ ಹೊಸ್ತಿಲು ದಾಟಲಿಲ್ಲ. ಓಣಿಯ ಹಿರಿಯರು ಕಟ್ಟೆಯ ಮೇಲೆ ಕೂತು ಕರೆದರೂ ತಲೆನೋವು ಅಂದುಬಿಟ್ಟ. ಅವತ್ತು ನನಗಾದ ಸಂಕಟ ಕಾಲು ಹರಿದಾಗಲೂ ಆಗಲಿಲ್ಲ.

ಹೆಗಲಿನ ಡಾಕ್ಟರು ಹೇಳಿದ ವ್ಯಾಯಾಮವನ್ನಾದರೂ ಮಾಡಿದನೇ? ಗೋಡೆಯ ಮೇಲೆ ಬೆರಳು ಇಟ್ಟು ದಿನಕ್ಕೆ ಸ್ವಲ್ಪ ಸ್ವಲ್ಪ ಮೇಲೆ ಏರಿಸಬೇಕು ಅಂದರೆ, "ಗ್ವಾಡಿ ಮ್ಯಾಲ ಬಟ್ಟು ಹರದಾಡಸಾಕ ನಾ ಏನ ಹಲ್ಲಿ ಏನು?" ಅಂದ. ಹಗ್ಗ ಕಟ್ಟಿ ಎಳೆಯಬೇಕು ಅಂದರೆ, "ಬಾವಿ ಇಲ್ಲ, ನೀರಿಲ್ಲ, ಬರೇ ಹಗ್ಗಾ ಜಗ್ಗು ಅಂತಾನ. ಹುಚ್ಚ ಹಿಡದೇತಿ ಅವಂಗ" ಅಂದ. ಹೀಗೆ ಒಂದು ತಿಂಗಳು ಹೋಯಿತು. ಕೈ ಎದೆಮಟ್ಟದಲ್ಲೇ ನಿಂತಿತ್ತು.

ಅಂಥ ಅಪ್ಪ ಅವತ್ತು ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ನಾನು ಬೇಡ ಬೇಡ ಅಂದರೂ ಕೇಳಲಿಲ್ಲ. ಎಣ್ಣೆಯಲ್ಲಿ ಭಂಡಾರ ಕಲಸಿ ಹಚ್ಚಿದ. ಕೈ ಮೇಲೆ ಏರದಿದ್ದರೇನು, ತೊಡೆಮಟ್ಟದಲ್ಲಿ ಎರಡೂ ಕೈ ಸರಾಗ ಆಡುತ್ತಿದ್ದವು. ಬ್ಯಾಂಡೇಜನ್ನು ಒಂದು ಸುತ್ತಿನ ಮೇಲೆ ಅರ್ಧ ಸುತ್ತು ಕೂರಿಸುತ್ತ, ಎಲ್ಲಿಯೂ ಗಂಟು ಬೀಳದಂತೆ, ಪಟಗಾ ಸುತ್ತಿದಷ್ಟೇ ಚೊಕ್ಕಟವಾಗಿ ಸುತ್ತಿದ. ನನ್ನ ಕಾಲು ಮದುಮಗನಂತೆ ಕಂಡಿತು.

"ಕಾಸದ ಕುಣದೇನು?" ಅಂತ ಕೇಳಿದ.

"ಕಾದಿತ್ತಪಾ. ಇಪ್ಪತ್ತ ರೊಟ್ಟಿ ಬಡದು ಹೋಗಿದ್ನಿ."

"ರೊಟ್ಟಿ ಕಾಲಲೆ ಬಡೀತಿ ಏನು?"

ಕೇಳುತ್ತಲೇ ಬ್ಯಾಂಡೇಜಿನ ತುದಿಯನ್ನು ಒಳಗೆ ಸಿಕ್ಕಿಸಿದ.

"ಕೈ ಕಾದಾವು, ಕಾಲು ಕಾದಿಲ್ಲ. ಡೊಳ್ಳಿಗೆ ಎರಡ ಮಾರಿ ಅದಾವಬೇ. ಒಂದ ಮಾರಿ ಕಾಸಿ ಇನ್ನೊಂದು ಹಂಗ ಬಿಟ್ರ ಅದು ನುಡಿಯಂಗಿಲ್ಲ, ಹರೀತೈತಿ. ನಮ್ಮ ಮನ್ಯಾಗ ಹುಟ್ಟಿ ಇಷ್ಟ ಗೊತ್ತಾಗಲಿಲ್ಲ ನಿನಗ?"

ಗೊತ್ತಿತ್ತು. ಗೊತ್ತಿಲ್ಲದೆ ಏನು? ನಮ್ಮ ಬಾಲ್ಯ ಬೆಳೆದದ್ದೇ ಡೊಳ್ಳು ಕಾಸುವ ಹೊಗೆಯಲ್ಲಿ. ಬಿಸಿಲಿದ್ದರೆ ಬಿಸಿಲಿಗೆ ಇಡುತ್ತಿದ್ದರು. ಥಂಡಿಯ ದಿನ, ಮಳೆಯ ದಿನ ಕಬ್ಬಿನ ಒಣಗರಿ, ಅಂದರೆ ರವದಿಯನ್ನು ಗುಡ್ಡೆ ಹಾಕಿ ಬೆಂಕಿ ಹಚ್ಚಿ, ದೂರದಿಂದ ಕಾವು ತಾಗಿಸುತ್ತ, ಡೊಳ್ಳನ್ನು ತಿರುಗಿಸಿ ತಿರುಗಿಸಿ ಹಿಡಿಯುತ್ತಿದ್ದರು. ಅಪ್ಪ ನಡುನಡುವೆ ಬೆರಳಿನಿಂದ ಒಂದು ಸಲ ತಟ್ಟುವನು. ಕಿವಿಗೊಡುವನು. "ಇನ್ನೂ ಕಾದಿಲ್ಲ" ಅನ್ನುವನು. ನಮಗೋ ಕುಣಿತ ಯಾವಾಗ ಶುರುವಾದೀತೋ ಅಂತ ಅವಸರ. ಕಾದ ಮೇಲೂ ಒಮ್ಮೆಲೇ ಜೋರಾಗಿ ಬಾರಿಸುತ್ತಿರಲಿಲ್ಲ. ಮೊದಲು ಸುಮ್ಮನೆ ನಡೆದಾಡುವಂಥ ಸಾವಕಾಶದ ಪೆಟ್ಟು. ಮೇಳದವರು ಡೊಳ್ಳು ಹೊತ್ತು ದುಂಡಗೆ ನಡೆಯುತ್ತಿದ್ದರು, ಮೊಣಕಾಲು ಸಡಿಲ ಮಾಡುತ್ತಿದ್ದರು, ಹೆಗಲು ಆಡಿಸುತ್ತಿದ್ದರು. ನಾಲ್ಕು ಸುತ್ತು ಬಂದು ಮೈ ಬೆಚ್ಚಗಾದ ಮೇಲೆಯೇ ಜಿಗಿತ. ನೋಡುವವರಲ್ಲಿ ಹೊಸಬರು ಆ ನಾಲ್ಕು ಸುತ್ತು ಮುಗಿಯುವತನಕ ಬೀಡಿ ಸೇದಲು ಹೋಗುತ್ತಿದ್ದರು.

ಬಾಗಲಕೋಟೆ ಹೊಸದಾಗಿ ಜಿಲ್ಲೆಯಾದ ಸುಮಾರಿನಲ್ಲಿ ಒಂದು ಸಮಾರಂಭಕ್ಕೆ ಅಪ್ಪನ ಮೇಳವನ್ನು ಕರೆಸಿದ್ದರು. ನಾನು ಆಗ ಪಿಯುಸಿ. ಜಿದ್ದು ಮಾಡಿ ಟೆಂಪೋ ಹತ್ತಿದ್ದೆ. ಬೆಳಗಿನಿಂದ ಜಿಟಿಜಿಟಿ ಮಳೆ, ಡೊಳ್ಳು ಥಂಡಿ ಹಿಡಿದು ಮೆತ್ತಗಾಗಿದ್ದವು. ಮಂತ್ರಿಗಳು ಬರುವುದು ತಡ ಅಂತ ಎಲ್ಲರೂ ಆರಾಮ ಇದ್ದರೆ, ಆ ಪುಣ್ಯಾತ್ಮರು ಹೇಳಿದ ಹೊತ್ತಿಗೇ ಬಂದುಬಿಡಬೇಕೆ! ವೇದಿಕೆಯ ಮೇಲೆ ಕುರ್ಚಿ ಸಹ ಹಾಕಿರಲಿಲ್ಲ. ಸಂಘಟಕರು ಓಡಿ ಬಂದು, "ಏ ಯಜಮಾನಾ, ಸುರು ಮಾಡೋ, ಸಾಹೇಬ್ರು ಕಾರ ಇಳದ್ರು!" ಅಂತ ಒದರಿದರು.

"ಇನ್ನೂ ಕಾದಿಲ್ರಿ," ಅಂದ ಅಪ್ಪ.

"ಇನ್ನ ಎಷ್ಟೊತ್ತಬೇಕು?"

"ಕಾಯೂತನಕ."

ಹಸಿ ಕಟ್ಟಿಗೆ ಹತ್ತಲಿಲ್ಲ. ಉಳಿದಿದ್ದ ಆಮಂತ್ರಣ ಪತ್ರಿಕೆಯ ಕಟ್ಟು ಒಂದು ಮೂಲೆಯಲ್ಲಿತ್ತು. ಅಪ್ಪ ಅದಕ್ಕೇ ಬೆಂಕಿ ಹಚ್ಚಿದ. ಮಂತ್ರಿಗಳ ಹೆಸರು, ಅಧ್ಯಕ್ಷತೆ, ಘನ ಉಪಸ್ಥಿತಿ ಎಲ್ಲ ಉರಿದು ಡೊಳ್ಳಿಗೆ ಕಾವಾಯಿತು. ಮಂತ್ರಿಗಳು ತಾವೇ ಬಂದು ಆ ಬೆಂಕಿಗೆ ಕೈ ಒಡ್ಡಿ ನಿಂತರು ಅಂತ ಅಪ್ಪ ಇವತ್ತಿಗೂ ಹೇಳುತ್ತಾನೆ. ನಾನು ಕಂಡದ್ದು ಅವರು ಮೂರು ಸಲ ಗಡಿಯಾರ ನೋಡಿದ್ದನ್ನು ಮಾತ್ರ. ನಮ್ಮ ಕಾಲೇಜಿನ ಹುಡುಗಿಯರೂ ಅಲ್ಲಿದ್ದರು. ಹರಕು ಕಂಬಳಿ ಹೊದ್ದು ಮಂತ್ರಿಯನ್ನು ನಿಲ್ಲಿಸಿದ ಈ ಮನುಷ್ಯ ನನ್ನಪ್ಪ ಅಂತ ಗೊತ್ತಾದೀತೆಂದು ನಾನು ಟೆಂಪೋದ ಹಿಂದೆ ಅಡಗಿ ಕೂತಿದ್ದೆ. ಆ ಕೂತದ್ದು ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಡೊಳ್ಳು ಮಾತ್ರ ಅವತ್ತು ನುಡಿದಂತೆ ಮತ್ತೆಂದೂ ನುಡಿದಿಲ್ಲ.

ಎಲ್ಲಿದ್ದೆ? ಹಾಂ, ಕಾಲು. ಎರಡು ವಾರವಾದ ಮೇಲೆ ಶ್ವೇತಾ ಮನೆಗೆ ಬಂದು, "ಜಿಗಿಯೂದು ಬ್ಯಾಡ್ರಿ ಟೀಚರ್. ಬರೇ ವಾರ್ಮಪ್ಪಿಗೆ ಬರ್ರಿ" ಅಂದಳು. ಕಾಲ ಹೇಗೆ ತಿರುಗಿತು ನೋಡಿ. ಯಾವುದನ್ನು ಬಿಟ್ಟು ಉಳಿದದ್ದಕ್ಕೆ ಹೋಗುತ್ತಿದ್ದೆನೋ, ಈಗ ಉಳಿದದ್ದನ್ನು ಬಿಟ್ಟು ಅದಕ್ಕೆ ಮಾತ್ರ ಹೋಗಬೇಕಾಯಿತು. ಕತ್ತಲಲ್ಲಿ ಕುಂಟುವ ಮಗಳನ್ನು ಒಬ್ಬಳನ್ನೇ ಕಳಿಸಲು ಅಪ್ಪ ಒಪ್ಪಲಿಲ್ಲ. ನನ್ನ ಬೂಟಿನ ಚೀಲ ಹಿಡಿದು, ನಾನು ಸುತ್ತಿದ ಸಿಂಬೆಯ ಮೇಲೆ ಕಂಬಳಿ ಮುಸುಕು ಹಾಕಿ ಜೊತೆಗೆ ಬಂದ. ಹೆಣ್ಣುಮಕ್ಕಳು ಕುಣಿಯುವ ಜಾಗ ಅಂತ ಒಳಗೆ ಕಾಲಿಡಲಿಲ್ಲ. ಶೆಡ್ಡಿನ ಹೊರಕಟ್ಟೆಯ ಮೇಲೆ, ಬಾಗಿಲಿಗೆ ಬೆನ್ನು ಮಾಡಿ ಓಣಿಯ ಕಡೆ ನೋಡುತ್ತ ಕೂತ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಆರಕ್ಕೆ ಸರಿಯಾಗಿ ಕರೆಂಟು ಹೋಯಿತು. ಸ್ಪೀಕರು ಬಾಯಿ ಮುಚ್ಚಿತು. ಬಂದಿದ್ದವರು ನಾವು ಮೂವರೇ. ಶ್ವೇತಾ ಬಾಯಿಂದ ಎಣಿಸುತ್ತ ಮಾಡಿಸತೊಡಗಿದಳು. ಥಂಡಿಗೆ ಅವಳ ಗಂಟಲು ಹಿಡಿದಿತ್ತು. ಐದು ಅನ್ನುವಷ್ಟರಲ್ಲಿ ಕೆಮ್ಮು. ಆಗ ಹೊರಗಿನಿಂದ ದಬ್, ದಬ್ ಅಂತ ಒಂದು ಸದ್ದು ಬಂತು. ಕಟ್ಟೆಯ ಹತ್ತಿರ ಖಾಲಿ ಎಣ್ಣೆ ಡಬ್ಬಿ ಬಿದ್ದಿತ್ತು. ಅಪ್ಪ ಅದನ್ನು ಮಗುಚಿ ಎಡಗೈಯಿಂದ ತಟ್ಟುತ್ತಿದ್ದ, ಬೆನ್ನು ನಮ್ಮ ಕಡೆಗೇ. ಆ ಪೆಟ್ಟು ಕೇಳಿದ ಕೂಡಲೇ ನನ್ನ ಕಾಲಿಗೆ ಗುರುತು ಹತ್ತಿತು. ಬಾಗಲಕೋಟೆಯ ಮಳೆಯಲ್ಲಿ, ನಮ್ಮ ಹಿತ್ತಿಲಿನ ಹೊಗೆಯಲ್ಲಿ ಕೇಳಿದ ಅದೇ ನಡಿಗೆಯ ಪೆಟ್ಟು. ಶ್ವೇತಾ ಎಣಿಸುವುದನ್ನು ನಿಲ್ಲಿಸಿದಳು. ನಾವು ಆ ಡಬ್ಬಿಗೆ ನಡೆದೆವು, ಹೆಗಲು ತಿರುಗಿಸಿದೆವು, ಹಿಮ್ಮಡಿ ಎತ್ತಿದೆವು. ಅಪ್ಪ ಎಷ್ಟು ಸಾವಕಾಶ ಏರಿಸಿದನೆಂದರೆ ಯಾವಾಗ ಬೆವತೆವೋ ತಿಳಿಯಲಿಲ್ಲ.

ಮುಗಿದ ಮೇಲೆ ಶ್ವೇತಾ ಹೊರಗೆ ಬಂದು, "ಅಜ್ಜಾರ, ನಾಳೆ ಕರೆಂಟ ಇದ್ರೂ ನೀವ ಬಾರಸ್ರಿ" ಅಂದಳು.

ಅಪ್ಪ ಓಣಿಯನ್ನೇ ನೋಡುತ್ತ, "ಎಣ್ಣಿ ಡಬ್ಬಿ ಬಾರಿಸಿ ಬೀರಪ್ಪನ ಮುಂದ ಏನಂತ ಮಾರಿ ತೋರಸ್ಲೆವಾ? ಬಾರಿಸಿದ್ರ ಡೊಳ್ಳ ಬಾರಸಬೇಕು" ಅಂದ.

ಡೊಳ್ಳು ಮನೆಯಲ್ಲೇ ಇತ್ತು. ಊರಲ್ಲಿ ಬಿಟ್ಟರೆ ಇಲಿ ಕಡಿಯುತ್ತವೆ ಅಂತ ನೆಪ ಹೇಳಿ ಕಂಬಳಿಯಲ್ಲಿ ಸುತ್ತಿ ತಂದಿದ್ದ. ಬಾರಿಸಲಾಗದಿದ್ದರೂ ದಿನಾ ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟು ಸಂಜೆ ಇಳಿಸುತ್ತಿದ್ದ. ಮರುದಿನ ಐದೂವರೆಗೆ ಶೆಡ್ಡಿನ ಮುಂದೆ ಬೆಂಕಿ ಬಿತ್ತು. ನಾನೇ ಡೊಳ್ಳು ಹಿಡಿದೆ, ಅಪ್ಪ ಹೇಳಿದಂತೆ ತಿರುಗಿಸಿದೆ. ಹೆಣ್ಣುಮಗಳು ಡೊಳ್ಳಿಗೆ ಕೈ ಹಚ್ಚಿದ್ದು ನಮ್ಮ ಮನೆತನದಲ್ಲಿ ಅದೇ ಮೊದಲಿರಬೇಕು, ಅಪ್ಪ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಕಟ್ಟೆಯ ಮೇಲೆ ಡೊಳ್ಳು ಇಟ್ಟು, ಎಡ ಅಂಗೈ ಒಂದು ಕಡೆ, ಬಲಗೈಯ ಕೋಲು ಇನ್ನೊಂದು ಕಡೆ. ಮೊದಲ ದಿನ ಕೋಲು ಗೇಣುದ್ದ ಮಾತ್ರ ಎದ್ದಿತು. ಅವನು ಹಲ್ಲು ಕಚ್ಚಿದ್ದು ಹಿಂದಿನಿಂದಲೇ ನನಗೆ ಗೊತ್ತಾಯಿತು. ಎಂಟು ದಿನಕ್ಕೆ ಎರಡು ಗೇಣು. ಹನ್ನೆರಡು ನಿಮಿಷವಾದ ಕೂಡಲೇ ಕೋಲು ಕೆಳಗಿಟ್ಟು, "ಕಾದ್ರಿ. ಇನ್ನ ಕುಣೀರಿ" ಅನ್ನುತ್ತಿದ್ದ. ಉಳಿದದ್ದು ಸ್ಪೀಕರಿನ ಪಾಲು.

ಡೊಳ್ಳು ಅಂದಮೇಲೆ ನಮ್ಮ ಮಂದಿ ಮನೆಯಲ್ಲಿ ಕೂರುವರೇ? ಒಂದು ವಾರದಲ್ಲಿ ಆರಕ್ಕೆ ಐದು ನಿಮಿಷ ಇರುವಾಗಲೇ ಶೆಡ್ಡು ತುಂಬತೊಡಗಿತು. ಗಂಗಕ್ಕ ಐದೂ ಮುಕ್ಕಾಲಿಗೇ ಬಂದು ಬೆಂಕಿಗೆ ಕೈ ಕಾಸುತ್ತ ನಿಲ್ಲುತ್ತಿದ್ದಳು. "ಸ್ವಾಗತ ಭಾಷಣಾ ಕೇಳಾಕ ಬಂದಿಯೇನಬೇ?" ಅಂತ ನಾನು ಚುಚ್ಚಿದರೆ, "ಸುಮ್ಕಿರು, ಊಟಕ್ಕಿಂತ ಇದ ರುಚಿ ಐತಿ" ಅನ್ನುತ್ತಿದ್ದಳು. ಹೆಗಲಿನ ಡಾಕ್ಟರು ಅಪ್ಪನ ಕೈ ಎತ್ತಿ ನೋಡಿ, ಗೋಡೆಯ ವ್ಯಾಯಾಮ ಛಲೋ ಮಾಡಾಕತ್ತೀರಿ ಅಂತ ಬೆನ್ನು ತಟ್ಟಿದರು. ಅಪ್ಪ ಹೂಂ ಅಂದ. ನಾನೂ ಹೂಂ ಅಂದೆ.

ಕೈ ಕಿವಿಯ ಮಟ್ಟಕ್ಕೆ ಬಂತು. ನನ್ನ ಕಾಲೂ ವಾಸಿಯಾಯಿತು. ನಾನು ದಿನಾ ಪಟಗಾ ಸುತ್ತಿ ಸುತ್ತಿ ಸಿಂಬೆಯಿಂದ ಮನುಷ್ಯರ ಪಟಗಾದ ತನಕ ಬಂದಿದ್ದೆ. ಸ್ಟೂಲಿನ ಮೇಲೆ ಅಪ್ಪ ಕೂತು, ಅವನ ನೆತ್ತಿಯ ಬಿಳಿ ಕೂದಲು ನನ್ನ ಎದೆಯ ಹತ್ತಿರ ಇರುವ ಆ ಐದು ನಿಮಿಷಕ್ಕೆ ನಾನು ಎಷ್ಟು ಒಗ್ಗಿಹೋಗಿದ್ದೆ ಅಂದರೆ, ಅವನ ಕೈ ಮೇಲೆ ಏರಿದಂತೆಲ್ಲ ನನಗೆ ಸಂತೋಷವೂ ಆಗುತ್ತಿತ್ತು, ಅವನು ಹೊರಡುವ ದಿನ ಹತ್ತಿರವಾಯಿತಲ್ಲ ಅಂತ ಕಸಿವಿಸಿಯೂ ಆಗುತ್ತಿತ್ತು. ಹೇಳಿಕೊಳ್ಳಲು ನಾಚಿಕೆ. ತಂದೆ ಗುಣವಾಗಲಿ ಅಂತ ಬೀರಪ್ಪನಿಗೆ ಕಾಯಿ ಕಟ್ಟಿದವಳು ನಾನೇ, ಇಷ್ಟು ಬೇಗ ಬೇಡಪ್ಪಾ ಅಂತ ಮನಸ್ಸಿನಲ್ಲಿ ಅಂದುಕೊಂಡವಳೂ ನಾನೇ.

ಸಂಕ್ರಾಂತಿ ಇನ್ನೂ ಹತ್ತು ಹನ್ನೆರಡು ದಿನ ಇರುವಾಗ ಒಂದು ಮುಂಜಾನೆ ಒಗೆದ ಪಟಗಾದ ಅರಿವೆಗಾಗಿ ಗೂಟಕ್ಕೆ ಕೈ ಹಾಕಿದರೆ ಅರಿವೆ ಅಲ್ಲಿರಲಿಲ್ಲ. ಪಡಸಾಲೆಗೆ ಬಂದೆ. ಸ್ಟೂಲು ಖಾಲಿ. ಅಪ್ಪ ಕನ್ನಡಿಯ ಮುಂದೆ ನಿಂತಿದ್ದ. ತಲೆಯ ಮೇಲೆ ಪಟಗಾ. ಮೊಳೆಯಲ್ಲಿದ್ದ ಕೈಚೀಲ 'ಇಂದು ನಾವು ಹೊರಟೆವು' ಅನ್ನುವಂತೆ ಹೊಸ್ತಿಲ ಹತ್ತಿರ ಕೂತಿತ್ತು.

"ಹೆಂಗಾಗೇತಿ?" ಅಂತ ತಿರುಗಿದ.

ಎಡಗಿವಿಯ ಕಡೆ ಒಂದು ಸುತ್ತು ಸ್ವಲ್ಪ ಜಾರಿತ್ತು. ಹಿಂದಿನ ಸೆರಗು ಒಂದು ಬೆರಳು ಉದ್ದವಾಗಿತ್ತು. ಅಷ್ಟೇ. ನಾನು ಇಷ್ಟು ದಿನ ಸುತ್ತಿದ ಎಲ್ಲಕ್ಕಿಂತಲೂ ಅದು ಚೆನ್ನಾಗಿತ್ತು. ಅವನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಮುಂದಾಳಿನ ಕಳೆ ಬಂದಿತ್ತು. ಕಣ್ಣು ತುಂಬಿ ಬಂತು. ಹೆಮ್ಮೆಗೆ ತುಂಬಿತೋ, ಸಾವಳಗಿಯ ಏಳೂವರೆ ಬಸ್ಸಿನ ನೆನಪಿಗೆ ತುಂಬಿತೋ, ನಾನು ಇವತ್ತಿಗೂ ಬೇರೆಬೇರೆ ಮಾಡಿ ಹೇಳಲಾರೆ.

"ಎಡಕ್ಕ ಜಾರೇತಪಾ," ಅಂದೆ.

"ಜರಾ ಜಾರಿರಬೇಕು."

"ಜರಾ ಅಲ್ಲ, ಭಾಳ ಜಾರೇತಿ."

ಅಪ್ಪ ಸರಿಮಾಡಲು ಬಲಗೈ ಎತ್ತಿದ. ಕೈ ಎದೆ ದಾಟಿತು, ಗದ್ದ ದಾಟಿತು, ಕಿವಿ ದಾಟಿತು. ಕೊನೆಯ ನಾಲ್ಕು ಬೆರಳಿನಷ್ಟು ದೂರದಲ್ಲಿ ಒಂದು ಕ್ಷಣ ತಡೆಯಿತು. ನಾನು ಕಂಡೆ. ನಾನು ಕಂಡದ್ದನ್ನು ಅವನೂ ಕಂಡ.

"ಇನ್ನೂ ಕಾದಿಲ್ಲಪಾ," ಅಂದೆ.

ಅವನ ಕೈ ಹಾಗೇ ನಿಂತಿತು. ಮಂತ್ರಿಯನ್ನು ನಿಲ್ಲಿಸಿದ ಅವನದೇ ಮಾತು ಈಗ ಮಗಳ ಬಾಯಿಂದ ಬಂದಿತ್ತು. ಕನ್ನಡಿ ನೋಡಿದ, ನನ್ನ ಮುಖ ನೋಡಿದ, ಹೊಸ್ತಿಲ ಹತ್ತಿರದ ಚೀಲ ನೋಡಿದ.

"ಇನ್ನ ಎಷ್ಟ ದಿನಾ ಬೇಕಂತಿ?"

"ಕಾಯೂತನಕ."

ಅಪ್ಪ ಬಾಗಿ ಚೀಲ ಎತ್ತಿಕೊಂಡ. ಬಲಗೈಯಿಂದಲೇ ಅದನ್ನು ಮೊಳೆಗೆ ತೂಗುಹಾಕಿದ. ಮೊಳೆ ಅವನ ತಲೆಗಿಂತ ಮೇಲೆ ಇತ್ತು.

"ನಡಿ ನಡಿ, ಆರ ಹೊಡಿಯಾಕ ಬಂತು," ಅಂದ, ಡೊಳ್ಳಿಗೆ ಕೈ ಹಾಕುತ್ತ. "ಹೆಣ್ಣಮಕ್ಕಳು ತಣ್ಣಗ ನಿಂತಿರ್ತಾರ."

ಕತ್ತಲಲ್ಲಿ ಅವನು ಮುಂದೆ, ನಾನು ಹಿಂದೆ ಹೊರಟೆವು. ಪಟಗಾದ ಸೆರಗು ಒಂದು ಬೆರಳು ಉದ್ದವಾಗಿಯೇ ಜೋತಾಡುತ್ತಿತ್ತು. ಅದನ್ನು ಸರಿಮಾಡಲು ನಾನು ಕೈ ಹಚ್ಚಲಿಲ್ಲ.